ಬಸಳೆಯ ಪಾಲಿನ ಬಚ್ಚಲ ನೀರು

ಊರಿಗೆ ಬುದ್ಧಿ ಹೇಳಲು ಹೊರಡುವ ಗಂಡಸು ಮೊದಲು ತನ್ನ ಮನೆಯ ಹಿತ್ತಲಿಗೆ ಒಂದು ಸುತ್ತು ಹೋಗಿಬರಬೇಕು. ಈ ಮಾತು ನನಗೆ ಹೊಳೆದದ್ದು ಬುದ್ಧಿ ಹೇಳಿ ಮುಗಿಸಿದ ಮೇಲೆ. ನನ್ನ ವಿವೇಕ ಯಾವತ್ತೂ ಕೊನೆಯ ಬಸ್ಸಿಗೇ ಬರುವುದು.

ಮೊಬೈಲು ಹಿಡಿದು ಸಿಗ್ನಲ್ಲಿಗಾಗಿ ಗುಡ್ಡ ಹತ್ತುತ್ತಿದ್ದ ಕಾಲವದು. ಕೊಪ್ಪದ ನಮ್ಮ ಬಡಾವಣೆಯ ಕೆಳಗೆ, ಹಳ್ಳದ ಪಕ್ಕ, ಕೊಳಚೆ ನೀರನ್ನು ಶುದ್ಧ ಮಾಡುವ ಪುಟ್ಟ ಘಟಕವೊಂದು ಬಂತು. ಬಾಳಗಡಿಯ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಮೈಕಿಲ್ಲದೆಯೂ ಮಾತಾಡಲು ಬರುತ್ತದೆಂದು ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು. ಮನೆಮನೆಗೂ ಹೋಗಿ, "ಬಚ್ಚಲ ನೀರನ್ನು ಕೊಳವೆಗೆ ಬಿಡಿ, ಹಳ್ಳ ಉಳಿಸಿ" ಎಂದೆ. ಎಲ್ಲರೂ ತಲೆಯಾಡಿಸಿದರು, ಕಾಫಿ ಕೊಟ್ಟರು, ಕೊಳವೆಯನ್ನೂ ಜೋಡಿಸಿಕೊಂಡರು.

ಆದರೆ ನಮ್ಮ ಕಡೆ ಬಚ್ಚಲ ನೀರು ಕೊಳಚೆಯಲ್ಲ, ಬಸಳೆಯ ಆಸ್ತಿ. ನನ್ನ ಅಜ್ಜಿಯಂತೂ ಸ್ನಾನಕ್ಕಿಳಿದ ನೆಂಟರಿಗೆ ಹೊರಗಿನಿಂದಲೇ, "ಇನ್ನೆರಡು ಚೊಂಬು ಹೊಯ್ಕಳಿ ಮಾರಾಯ್ರೆ, ಚಪ್ಪರ ಬಾಡಿದೆ" ಎನ್ನುತ್ತಿದ್ದಳು. ನೆಂಟರ ಮೈಯ ಕೊಳೆಗಿಂತ ಬಸಳೆಯ ಬಾಯಾರಿಕೆಯೇ ಅವಳಿಗೆ ದೊಡ್ಡದು.

ಘಟಕ ಶುರುವಾಯಿತು. ತೊಟ್ಟಿ ಮಾತ್ರ ಒಣಗಿಯೇ ಇತ್ತು. ನರಸಿಂಹರಾಜಪುರದಿಂದ ಬರುತ್ತಿದ್ದ ಇಂಜಿನಿಯರು ತೊಟ್ಟಿಯೊಳಗೆ ಇಣುಕಿ, "ಎಂತ ಸಾರ್ ಇದು, ಊರಿಡೀ ಸ್ನಾನ ಬಿಟ್ಟಿದೆಯಾ?" ಎಂದರು. ಮುಂದಿನ ವಾರ ಮೇಲಿನವರು ನೋಡಲು ಬರುವವರಿದ್ದರು. ನೀರಿಲ್ಲದಿದ್ದರೆ ಘಟಕಕ್ಕೆ ಬೀಗ. ಮುಂದೆ ಇದಕ್ಕೆ ಸೇರಬೇಕಿದ್ದ ಹೋಟೆಲು, ಹಾಸ್ಟೆಲುಗಳ ಗಲೀಜು ಎಂದಿನಂತೆ ಹಳ್ಳಕ್ಕೇ. ನನಗೆ ನಿಜಕ್ಕೂ ಸಂಕಟವಾಯಿತು.

"ಮೇಲಿನ ತುದಿಯಿಂದ ನೋಡ್ತಾ ಬರಾಣ. ಮೊದಲ ಮನೆ ನಿಮ್ದೇ ಅಲ್ವಾ?" ಎಂದರು ಇಂಜಿನಿಯರು. ಮಾದರಿ ಮನೆ ನೋಡಿ ಎಂಬಂತೆ ಎದೆ ಮುಂದೆ ಮಾಡಿಕೊಂಡು ಹಿತ್ತಲಿಗೆ ಕರೆದೊಯ್ದೆ. ಕೊಳವೆಯ ಬಾಯಿಗೆ ತೆಂಗಿನ ಸಿಪ್ಪೆ ತುರುಕಿತ್ತು. ಅದಕ್ಕೆ ಸುತ್ತಿದ್ದ ಬನಿಯನ್ ನನ್ನದೇ. ಕಂಕುಳ ತೂತಿನಿಂದ ಗುರುತು ಹಿಡಿದೆ. ನೀರು ಪಕ್ಕದ ಮಣ್ಣಿನ ಕಾಲುವೆಯಲ್ಲಿ ನೆಟ್ಟಗೆ ಬಸಳೆ ಚಪ್ಪರಕ್ಕೆ ಹರಿಯುತ್ತಿತ್ತು.

ನನ್ನ ಹೆಂಡತಿ ಸುಮತಿ ಅಳುಕಲಿಲ್ಲ. "ನಾನೇ ತುರುಕಿದ್ದು. ಭಾಷಣ ನಿಮ್ದು, ಬಸಳೆ ನಂದು. ಅಕ್ಕಪಕ್ಕದವರೂ ನೋಡ್ಕೊಂಡು ಹೋಗಿ, ಮೇಷ್ಟ್ರ ಮನೇಲೇ ಹಿಂಗೆ ಅಂತ ಹಂಗೇ ಮಾಡಿದಾರೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಂಜಿನಿಯರು ನಗು ತಡೆದುಕೊಂಡು, "ಅಮ್ಮ, ಶುದ್ಧವಾದ ನೀರು ಕೆಳಗೆ ಘಟಕದ ಹತ್ರಾನೇ ನಲ್ಲೀಲಿ ಬರುತ್ತೆ. ಗಿಡಕ್ಕೆ ಬೇಕಾದಷ್ಟು ತಗೊಂಡು ಹೋಗಿ" ಎಂದರು.

"ಈ ಏರು ಹತ್ತಿಸಿ ಹೊರೋರು ಯಾರು?" ಎಂದಳು ಸುಮತಿ. ಇಬ್ಬರೂ ನನ್ನತ್ತ ನೋಡಿದರು. ನಾನು ಹಿಂದೆ ತಿರುಗಿ ನೋಡಿದೆ. ಬೇರೆ ಯಾರೂ ಇರಲಿಲ್ಲ.

ಸುಮತಿ ತಾನೇ ಸಿಪ್ಪೆ ಕಿತ್ತಳು. ಅದನ್ನು ನೋಡಿ ಬಡಾವಣೆಯವರೆಲ್ಲ ಕಿತ್ತರು. ನನ್ನ ಭಾಷಣಗಳಿಂದ ಆಗದ ಕೆಲಸ ಒಂದೇ ಸಂಜೆಯಲ್ಲಿ ಆಯಿತು. ತೊಟ್ಟಿಗೆ ನೀರು ಬಂತು, ಮೇಲಿನವರು ಮೆಚ್ಚಿಕೊಂಡು ಹೋದರು, ನನಗೂ ಖುಷಿಯಾಯಿತು.

ಈಗ ಬೇಸಿಗೆಯ ಬೆಳಿಗ್ಗೆ ಘಟಕದಲ್ಲಿ ಶುದ್ಧವಾದ ನಮ್ಮದೇ ಬಚ್ಚಲ ನೀರನ್ನು ಎರಡು ಕ್ಯಾನುಗಳಲ್ಲಿ ತುಂಬಿಕೊಂಡು ಏರು ಹತ್ತುತ್ತೇನೆ. ಇದನ್ನೂ ಉಳಿದ ಹೆಂಗಸರು ನೋಡಿಕೊಂಡಿದ್ದಾರೆ. ಹಾಗಾಗಿ ನಲ್ಲಿಯ ಮುಂದೆ ಬಡಾವಣೆಯ ಗಂಡಸರೆಲ್ಲ ಕ್ಯಾನು ಹಿಡಿದು ಸಾಲಾಗಿ ನಿಂತಿರುತ್ತಾರೆ. ನಾನು ಹೋದಾಗ ಒಬ್ಬರೂ ಮಾತಾಡಿಸುವುದಿಲ್ಲ. ಭಾಷಣಕ್ಕಂತೂ ಆಮೇಲೆ ಯಾರೂ ಕರೆದಿಲ್ಲ.