ಬೈಯೋಕೆ ಬೇಕಾದಷ್ಟು ಇಂಗ್ಲಿಷ್

ದೊಡ್ಡವರಿಗೆ ಅಕ್ಷರ ಕಲಿಸಲು ಹೋದವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಅವು ತಾವಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತವೆ. ನಾನು ಗುಂಡ್ಲುಪೇಟೆಯವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಊರವರ ಮಾತಿಗೆಲ್ಲ ಕಿವಿಯಾಗಿದ್ದವಳಿಗೆ ಮನೆಯಲ್ಲಿ ಗೋಡೆ ನೋಡಿಕೊಂಡು ಕೂರಲು ಆಗಲಿಲ್ಲ. ಹಂಗಳದ ಕಡೆಯ ಒಂದು ಹಳ್ಳಿಯಲ್ಲಿ ದೊಡ್ಡವರಿಗೆ ಓದು ಬರಹ, ಜೊತೆಗೆ ಒಂದಿಷ್ಟು ಇಂಗ್ಲಿಷ್ ಹೇಳಿಕೊಡಲು ಯಾರಾದರೂ ಬೇಕಂತೆ ಎಂದು ಗೊತ್ತಾದದ್ದೇ ಬಸ್ ಹತ್ತಿದೆ. ಸಂಜೆ ಹಾಲು ಅಳೆದು ಮುಗಿದ ಮೇಲೆ ಡೇರಿಯ ಜಗುಲಿಯಲ್ಲೇ ನಮ್ಮ ಕ್ಲಾಸು.

ಯಾಕೆ ಬಂದಿರಿ?

ಮೊದಲ ದಿನ ನಾನು ಕೇಳಿದ್ದು ಇದೊಂದೇ. ಇಷ್ಟು ವಯಸ್ಸಾದ ಮೇಲೆ ಒಬ್ಬೊಬ್ಬರಿಗೆ ಓದಬೇಕು ಅನ್ನಿಸಿದ್ದು ಯಾಕೆ ಅನ್ನುವುದು ನನಗೆ ನಿಜಕ್ಕೂ ತಿಳಿಯಬೇಕಿತ್ತು.

ಬಾಳೆತೋಟದ ಯಜಮಾನರೊಬ್ಬರು, ಅಲ್ಲಿದ್ದವರಲ್ಲೆಲ್ಲ ಹಿರಿಯರು, "ನಮ್ಮೆಂಗ್ಸು ಇಲ್ಲಿಗೆ ಬತ್ತೀನಿ ಅಂದ್ಲು. ಅವ್ಳು ಇಲ್ಲೇನ್ ಮಾತಾಡಾಳು ಅಂತ ನೋಡನ ಅಂತ ಬಂದೆ" ಅಂದರು. ಪಕ್ಕದಲ್ಲೇ ಕೂತಿದ್ದ ಹೆಂಡತಿ, "ಮನೇಲಿ ಇವ್ರು ಮಾತಾಡಕ್ಕೆ ಬುಡಲ್ಲ, ಅದುಕ್ಕೆ ನಾನು ಬಂದೆ" ಅಂದರು.

ಕೊನೆಗೆ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಹೆಂಗಸಿನ ಸರದಿ. ಊಟಿ ರಸ್ತೆಯ ಪಕ್ಕದಲ್ಲೇ ಅವಳ ಹೊಲ. ಸೂರ್ಯಕಾಂತಿ ಬೆಳೆಯುತ್ತಾಳೆಂದು ಊರಿಗೆಲ್ಲ ಹೂವಿನಕ್ಕ.

"ನೀವು ಯಾಕೆ ಬಂದಿರಿ?"

"ಬೈಯಕ್ಕೆ."

ನಾನು ಬೆಚ್ಚಿಬಿದ್ದೆ. ಬೈಸಿಕೊಳ್ಳುವಂಥದ್ದು ನಾನಿನ್ನೂ ಏನೂ ಮಾಡಿರಲಿಲ್ಲ.

"ನಿಮ್ಮನ್ನಲ್ಲ ಮೇಡಮ್ಮೋರೇ. ಹೂ ಬುಟ್ಟ್ ಮ್ಯಾಲೆ ಕಾರು ನಿಲ್ಸ್‌ಬುಟ್ಟು ಫೋಟೋಕ್ಕೆ ಅಂತ ಹೊಲದೊಳಿಕ್ಕೆ ನುಗ್ತಾರಲ್ಲ, ಅವ್ರನ್ನ. ಹೋದ್ ವರ್ಸ ರಸ್ತೆ ಕಡೆ ಸಾಲ್ನೆಲ್ಲ ತುಳುದು ಮಲಗುಸ್ಬುಟ್ರು. ಕನ್ನಡದಲ್ಲಿ ಬೈದ್ರೆ ನಗ್ತಾರೆ. ಕೇರಳದೋರ್ಗೆ ಪೋ ಪೋ ಅಂದ್ರೆ ಚೇಚಿ ಚೇಚಿ ಅಂತ ಅಕ್ಕನ್ನ ಮಾಡ್ಕಂಡು ಹೆಗಲ್ ಮ್ಯಾಲೆ ಕೈ ಹಾಕಂಡು ನನ್ನೂ ಫೋಟೋಕ್ಕೆ ನಿಲ್ಲುಸ್ಕತರೆ. ಇಂಗ್ಲಿಷಲ್ಲಿ ಬೈದ್ರೆ ಹೆದರ್ತಾರಂತೆ. ಹೂ ಬುಡೋದ್ರೊಳಗೆ ಒಸಿ ಕಲ್ಸ್‌ಕೊಡಿ."

ವರ್ಷದ ಬೆಳೆಯನ್ನು ಕಣ್ಣೆದುರೇ ತುಳಿಸಿಕೊಂಡ ನೋವು ಅದು. ಉಳಿದ ಹೆಂಗಸರು ಮಾತ್ರ ಆ ಕ್ಷಣವೇ ತಮ್ಮ ಕಾರಣಗಳನ್ನು ವಾಪಸ್ ತೆಗೆದುಕೊಂಡರು. "ನಮ್ಗೂ ಅದುನ್ನೇ ಕಲ್ಸಿ!"

‘ಆ’ ಅಕ್ಷರದ ತೊಂದರೆ

‘ಅ’ ಮುಗಿಸಿ ‘ಆ’ಗೆ ಬಂದೆವು. ಚಾರ್ಟಿನಲ್ಲಿದ್ದ ಚಿತ್ರದ ಮೇಲೆ ಕೋಲಿಟ್ಟು, "ಆ... ಆನೆ. ಎಲ್ಲರೂ ಹೇಳಿ" ಎಂದೆ. ಯಜಮಾನರು ಕಾಡಿನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು.

"ಮೇಡಮ್ಮೋರೇ, ಹೊತ್ತು ಮುಳುಗೋ ಹೊತ್ನಲ್ಲಿ ಅದ್ರೆಸ್ರು ಎತ್ತುದ್ರೆ ಕರ್‍ದಂಗಾಯ್ತದೆ. ನನ್ ಬಾಳೆ ಗೊನೆ ಬುಟ್ಟದೆ."

"ಹಾಗಾದರೆ ಏನಂತೀರಿ?"

"ದೊಡ್ಡೋರು ಅಂತೀವಿ."

ಸರಿ, ಆ... ದೊಡ್ಡೋರು. ಹುಲಿಯ ಚಿತ್ರಕ್ಕೆ ಬಂದಾಗ ಅದನ್ನು ಮಾದಪ್ಪನ ವಾಹನ ಅನ್ನಬೇಕೆಂದು ತೀರ್ಮಾನವಾಯಿತು. ಹಂದಿಯನ್ನಾದರೂ ಹಂದಿ ಅನ್ನೋಣವೆಂದರೆ ಹಿಂದಿನ ಸಾಲಿನವರೊಬ್ಬರು ಕೈಮುಗಿದರು. ಅವರ ಗೆಣಸಿನ ಹೊಲಕ್ಕೆ ಅದು ಕರೆಯದೆಯೇ ಬಂದು ಹೋಗಿತ್ತು. ಕಾಡಂಚಿನ ಊರಿಗೆ ಇಂಥ ಚಾರ್ಟು ಕಳಿಸಿದ ಪುಣ್ಯಾತ್ಮರನ್ನು ನೆನೆಯುತ್ತ ಕೇಳಿದೆ. "ಹೋಗಲಿ, ಇಂಗ್ಲಿಷಿನಲ್ಲಿ ಹೇಳಬಹುದಾ? ಎಲಿಫೆಂಟ್ ಅಂತ?"

ಅವರವರಲ್ಲೇ ಚರ್ಚೆ ನಡೆಯಿತು. ಇಂಗ್ಲಿಷಿನಲ್ಲಾದರೆ ಅವಕ್ಕೆ ತಿಳಿಯುವುದಿಲ್ಲ, ಹೇಳಬಹುದು ಎಂದು ಬಹುಮತವಾಯಿತು. ಯಜಮಾನರು ಮಾತ್ರ ಒಪ್ಪಲಿಲ್ಲ.

"ಬುಡ್ರಲಾ! ದಿನಾ ಸಫಾರಿ ಗಾಡಿ ಪಕ್ಕ ನಿಂತು ನಿಂತು ಅವುಕ್ಕೆ ನಮ್ಗಿಂತ ಚೆನ್ನಾಗಿ ಇಂಗ್ಲಿಷ್ ಬತ್ತದೆ!"

ಮರ್ಯಾದೆಯ ಬೈಗುಳ

ಬೈಗುಳ ಕಲಿಸಲು ನನಗೆ ಮನಸ್ಸಾಗಲಿಲ್ಲ. ಎಕ್ಸ್‌ಚೇಂಜಿನಲ್ಲಿ ಜೀವನವೆಲ್ಲ ಪ್ಲೀಸ್, ಥ್ಯಾಂಕ್ಯೂ ಅಂದ ನಾಲಿಗೆ. ಹೂವಿನಕ್ಕನಿಗೆ "ಪ್ಲೀಸ್ ಡೋಂಟ್ ಕಮ್ ಇನ್‌ಸೈಡ್" ಎಂದು ಬಾಯಿಪಾಠ ಮಾಡಿಸಿದೆ. ಚೆನ್ನಾಗಿ ಕಲಿತಳು. ಅಷ್ಟು ಹೊತ್ತಿಗೆ ಅವಳ ಹೊಲದಲ್ಲಿ ಮೊದಲ ಹೂಗಳು ಅರಳಿದ್ದವು.

ಮುಂದಿನ ಕ್ಲಾಸಿಗೆ ಬಂದವಳ ಮುಖ ಊದಿತ್ತು.

"ಹೇಳಿದಿರಾ?"

"ಯೋಳ್ದೆ."

"ಹೋದರಾ?"

"ಇನ್ನೊಂದಪ ಯೋಳಿ ಆಂಟಿ, ವಿಡಿಯೋ ಮಾಡ್ಕತೀವಿ ಅಂದ್ರು. ಹಿಂದ್ಲು ಕಾರ್‍ನೋರು ನನ್ ಮಾತು ಕೇಳಕ್ಕೇ ಅಂತ ಇಳುದ್ರು. ಮೇಡಮ್ಮೋರೇ, ನೀವ್ ಕಲ್ಸಿದ್ದು ಬೈಯೋದಲ್ಲ, ಅರಿಸಿನ ಕುಂಕುಮಕ್ಕೆ ಕರಿಯೋದು!"

ಹೂವಿನಕ್ಕನ ಬೋರ್ಡು

ಬಾಯಿಯಿಂದ ಆಗದ್ದು ಬರಹದಿಂದಲಾದರೂ ಆದೀತು, ಹೊಲದ ಬದುವಿನಲ್ಲಿ ಒಂದು ಬೋರ್ಡು ನೆಡೋಣ ಎಂದೆ. ಏನು ಬರೆಯುವುದು? ನಾಯಿ ಕಚ್ಚುತ್ತದೆ ಎಂದು ಒಬ್ಬರು, ತಂತಿಗೆ ಕರೆಂಟು ಬಿಟ್ಟಿದೆ ಎಂದು ಇನ್ನೊಬ್ಬರು. ಯಜಮಾನರು ಗಂಟಲು ಸರಿಮಾಡಿಕೊಂಡರು. "ದೊಡ್ಡೋರ್ ಬತ್ತಾರೆ ಅಂತ ಬರಿ. ಒಬ್ರೂ ಕಾಲಿಡಲ್ಲ."

"ಅವರ ಹೆಸರು ಎತ್ತಬಾರದು ಅಂದಿರಲ್ಲ?"

"ಕೂಗ್ಬಾರ್ದು ಅಷ್ಟೆ. ಬರದ್ರೆ ಅವು ಓದವಾ?"

ಹೂವಿನಕ್ಕ ನಾಲಿಗೆ ಕಚ್ಚಿಕೊಂಡು, ಸುಣ್ಣದ ಬಣ್ಣದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಇಳಿಸಿದಳು. ಎಲಿಫೆಂಟ್ ಕಮಿಂಗ್. ಲೋಕ ಓದಲೆಂದು ಅವಳು ಬರೆದ ಮೊದಲ ಮಾತು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು.

ಆದರೆ ಆ ರಸ್ತೆಯಲ್ಲಿ ಬರುವವರಲ್ಲಿ ಬಂಡೀಪುರದ ಸಫಾರಿಗೆ ಹೋಗಿ ಬರೀ ಜಿಂಕೆ ನೋಡಿ ಸಪ್ಪೆ ಮುಖ ಹಾಕಿಕೊಂಡವರೇ ಹೆಚ್ಚು ಎನ್ನುವುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಮುಂಚೆ ಫೋಟೋ ತೆಗೆದುಕೊಂಡು ಹೊರಡುತ್ತಿದ್ದರು, ಈಗ ಕಾಯತೊಡಗಿದರು. ಒಂದು ಕುಟುಂಬವಂತೂ ಹೂವಿನ ಸಾಲಿನ ನಡುವೆ ಚಾಪೆ ಹಾಸಿ, ಪುಳಿಯೋಗರೆ ಬಿಚ್ಚಿ, ಊಟ ಮಾಡಿ, ಕೈ ತೊಳೆಯಲು ನೀರನ್ನೂ ಅವಳ ಹತ್ತಿರವೇ ಕೇಳಿ, ಹೊರಡುವಾಗ ರೇಗಾಡಿತಂತೆ.

"ಟೈಮಿಗೆ ಸರಿಯಾಗಿ ಬರೋದಿಲ್ಲ ಅಂದ ಮೇಲೆ ಬೋರ್ಡು ಯಾಕಮ್ಮ ಹಾಕ್ತೀರಾ?"

ಪ್ರಶ್ನೆ ಕೇಳುವ ಪಾಠ

ಹೊಲ ಪೂರ್ತಿ ಅರಳಿತು. ರಸ್ತೆ ಕಡೆಯ ಸಾಲುಗಳು ಮತ್ತೆ ಮುರಿಯತೊಡಗಿದವು. ಒಳಗಿನ ಸಾಲುಗಳಾದರೂ ಉಳಿದಾವೇ ಅನ್ನುವ ಚಿಂತೆಯಲ್ಲಿ ಹೂವಿನಕ್ಕ ಕ್ಲಾಸಿನಲ್ಲೂ ರಸ್ತೆ ಕಡೆಗೇ ಕಿವಿಯಿಟ್ಟು ಕೂರುತ್ತಿದ್ದಳು. ನನ್ನ ಇಂಗ್ಲಿಷಿನ ಮೇಲೆ ನನಗೇ ಬೇಜಾರು ಬಂತು. ಆದರೂ ಪಾಠ ನಿಲ್ಲಿಸುವ ಹಾಗಿಲ್ಲವಲ್ಲ, ಪ್ರಶ್ನೆ ಕೇಳುವುದನ್ನು ಶುರು ಮಾಡಿದೆ. ನಿಮ್ಮ ಹೆಸರೇನು, ತಂದೆಯ ಹೆಸರೇನು, ಏನು ಕೆಲಸ, ಮಕ್ಕಳೆಷ್ಟು, ಫೋನ್ ನಂಬರ್ ಎಷ್ಟು. ಪಕ್ಕದವರನ್ನು ಇಂಗ್ಲಿಷಿನಲ್ಲಿ ಕೇಳಬೇಕು. ಅವರು ಅರ್ಧ ಉತ್ತರ ಕೊಟ್ಟರೆ ನಾನು "ಫುಲ್ ಸೆಂಟೆನ್ಸ್" ಎಂದು ಗದರಬೇಕು.

ಅದರ ಮುಂದಿನ ಕ್ಲಾಸಿಗೆ ಹೂವಿನಕ್ಕ ಬರಲಿಲ್ಲ. ಬೆಳೆ ಹೋಯಿತೇ? ನನ್ನ ಮೇಲೆ ಸಿಟ್ಟೇ? ತಿಳಿಯದೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಭಾನುವಾರ ಮಧ್ಯಾಹ್ನವೇ ಬಸ್ ಹತ್ತಿ ನೇರವಾಗಿ ಅವಳ ಹೊಲದ ಹತ್ತಿರ ಇಳಿದೆ.

ಆಗ ತಾನೇ ಒಂದು ಕಾರು ನಿಂತಿತ್ತು. ಒಬ್ಬ ಹುಡುಗ, ಒಬ್ಬಳು ಹುಡುಗಿ ಕೈ ಕೈ ಹಿಡಿದು ಬದು ದಾಟುತ್ತಿದ್ದರು. ಎದುರಿಗೆ ಹೂವಿನಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಒಂದು ತೊಗರಿ ಕಡ್ಡಿ ಹಿಡಿದು ನಿಂತಿದ್ದಳು.

"ಗುಡ್ ಆಫ್ಟರ್‌ನೂನ್!"

"ಹಾಯ್ ಆಂಟಿ!" ಇಬ್ಬರೂ ಖುಷಿಯಾದರು.

"ವಾಟ್ ಈಸ್ ಯುವರ್ ನೇಮ್?"

ಹುಡುಗ ನಗುತ್ತ ಹೆಸರು ಹೇಳಿದ.

"ಫುಲ್ ಸೆಂಟೆನ್ಸ್!" ಕಡ್ಡಿ ಮೇಲೆದ್ದಿತು.

ಅವನಿಗೇ ತಿಳಿಯದಂತೆ ಹಿಡಿದಿದ್ದ ಕೈ ಬಿಟ್ಟು, ನೆಟ್ಟಗೆ ನಿಂತು, "ಮೈ ನೇಮ್ ಈಸ್" ಎಂದು ಮೊದಲಿನಿಂದ ಹೇಳಿದ. ಅಪ್ಪನ ಹೆಸರನ್ನೂ ಪೂರ್ತಿ ವಾಕ್ಯದಲ್ಲಿ ಒಪ್ಪಿಸಿದ. ಹೂವಿನಕ್ಕ ಹುಡುಗಿಯ ಕಡೆ ತಿರುಗಿದಳು.

"ಹೌ ಮೆನಿ ಚಿಲ್ಡ್ರನ್?"

"ಆಂಟಿ, ನಮಗಿನ್ನೂ ಮದುವೆ..." ಎಂದು ಹುಡುಗಿ ಕನ್ನಡಕ್ಕೆ ಇಳಿದಳು.

"ನೋ ಕನ್ನಡ!" ಎಂದಳು ಹೂವಿನಕ್ಕ. ಅದೂ ನನ್ನದೇ ಗದರಿಕೆ. ಆಮೇಲೆ ಬಹಳ ಅಕ್ಕರೆಯಿಂದ ಮುಂದಿನ ಪ್ರಶ್ನೆಗೆ ಹೋದಳು. "ವಾಟ್ ಈಸ್ ಯುವರ್ ಫಾದರ್ಸ್ ಫೋನ್ ನಂಬರ್?"

ಆ ಹುಡುಗಿ ಕಾರಿನೊಳಗೆ ಹೋಗಿ ಕೂತ ವೇಗವನ್ನು ನಾನು ವರ್ಣಿಸಲಾರೆ. ಹುಡುಗ ಕಾರಿನ ಬಾಗಿಲು ಹಾಕುವ ಮುಂಚೆಯೇ ಗಾಡಿ ಹೊರಟಿತ್ತು. ಅವರ ಹಿಂದೆ ನಿಂತ ಕಾರಿನಿಂದ ಇಳಿದದ್ದು ಶಾಲೆಗೆ ಹೋಗುವ ಮೂರು ಮಕ್ಕಳು, ಅಪ್ಪ, ಅಮ್ಮ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎರಡನೇ ಪ್ರಶ್ನೆಗೆ ಬರುವಷ್ಟರಲ್ಲಿ ಚಿಕ್ಕದು ಅಳತೊಡಗಿತು. ರಜಾ ದಿನವೂ ನೆಮ್ಮದಿಯಿಲ್ಲವೆಂದು ಗೊಣಗುತ್ತ ಅವರೂ ಹೊರಟರು.

ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಹೂವಿನಕ್ಕ ನನ್ನನ್ನು ಕಂಡು ಓಡಿ ಬಂದಳು. ಅವಳ ಹಿಂದೆ ಒಳಗಿನ ಸಾಲುಗಳೆಲ್ಲ ಒಂದೂ ಮುರಿಯದೆ ನಿಂತಿದ್ದವು. ಕತ್ತಲಾಗುವವರೆಗೂ ಹೊಲ ಕಾಯುತ್ತಿದ್ದುದರಿಂದ ಕ್ಲಾಸಿಗೆ ಬರಲಾಗಲಿಲ್ಲ ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ಬೈಗುಳಾನೇ ಬ್ಯಾಡ ಕಣಿ ಮೇಡಮ್ಮೋರೇ. ನೀವ್ ಮಾಡೋ ಪಾಠನೇ ಸಾಕು, ಒಬ್ರೂ ನಿಲ್ಲಲ್ಲ!"