ಡಬ್ಬಿ ಖಾಲಿ ಕಳಿಸೋಕಾಗತ್ತಾ?

ಕೊಡುವ ಕೆಲಸ ಸುಲಭ ಅಂದುಕೊಂಡವರು ಯಾವುದಾದರೂ ಶನಿವಾರ ಹೆಬ್ಬಗೋಡಿಗೆ ಬಂದು ನನ್ನ ಜೊತೆ ಸುತ್ತಬೇಕು. ಇಲ್ಲಿ ಯಾರಿಗಾದರೂ ಏನಾದರೂ ಕೊಡೋಣ ಎಂದು ಹೊರಟರೆ ಸಾಕು, ಎಡವಟ್ಟು ನಮಗಿಂತ ಮೊದಲೇ ಹೋಗಿ ಅಲ್ಲಿ ಕಾದಿರುತ್ತದೆ.

ನಾನು ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ನನ್ನದು ಒಂದು ಕಡೆ ಕೂರುವ ಜೀವವಲ್ಲ. ಪರೀಕ್ಷೆ ಬರೆಯುವವರು ಮಕ್ಕಳು, ಕೊಠಡಿಯಲ್ಲಿ ಬೆವರುವವಳು ನಾನು. ಅದನ್ನು ನೋಡಿಯೇ ಇರಬೇಕು, ಹೆಡ್‌ಮಾಸ್ಟರು ‘ಮಕ್ಕಳ ಕೊಡುಗೆ ಸಂಘ’ವನ್ನು ನನ್ನ ತಲೆಗೆ ಕಟ್ಟಿದರು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿ ನಮ್ಮ ಶಾಲೆಯ ಜೊತೆ ಸೇರಿ ಶುರು ಮಾಡಿದ ಸಂಘ ಅದು. ಊರಿಗೆ ಏನು ಕೊಡಬೇಕು, ಯಾರಿಗೆ ಕೊಡಬೇಕು ಎಂದು ಮಕ್ಕಳೇ ತೀರ್ಮಾನಿಸಬೇಕು, ಮಕ್ಕಳೇ ಮಾಡಬೇಕು. ಸಾಮಾನು ಮತ್ತು ವ್ಯಾನು ಕಂಪನಿಯದು. ಶನಿವಾರ ಕಂಪನಿಯ ಹುಡುಗ ಹುಡುಗಿಯರೂ ಬಂದು ಕೈಜೋಡಿಸುತ್ತಾರೆ. ಒಂದು ವರ್ಷ ನೋಡುವುದು, ಸರಿ ಕಂಡರೆ ಮುಂದುವರಿಸುವುದು, ಇಲ್ಲದಿದ್ದರೆ ಸಂಘವನ್ನು ಬೇರೆ ಶಾಲೆಗೆ ಕೊಡುವುದು. ಅದನ್ನು ತೀರ್ಮಾನಿಸಲು ಕಂಪನಿಯಲ್ಲಿ ಒಬ್ಬ ಮೇಡಂ ಇದ್ದರು.

ಕಂಪನಿಗೆ ಇದು ನೂರರಲ್ಲಿ ಒಂದು ಕೆಲಸ. ನಮಗೆ ಹಾಗಲ್ಲ. ನಮ್ಮ ಮಕ್ಕಳು ಅಲ್ಲಿಯವರೆಗೂ ತೆಗೆದುಕೊಂಡವರೇ. ಯಾರೋ ಬ್ಯಾಗ್ ಕೊಡಲು ಬಂದರೆ ಸಾಲಾಗಿ ನಿಲ್ಲಬೇಕು, ಯಾರೋ ನೀರಿನ ಬಾಟಲಿ ಕೊಟ್ಟರೆ ಎತ್ತಿ ಹಿಡಿದು ಫೋಟೋಗೆ ನಗಬೇಕು. ಸಂಘದ ಲೀಡರ್ ಒಂಬತ್ತನೇ ಕ್ಲಾಸಿನ ಹುಡುಗಿ, ಬೊಮ್ಮಸಂದ್ರದ ಫ್ಯಾಕ್ಟರಿ ಕೆಲಸಗಾರರ ಮಗಳು. ಮೊದಲ ದಿನವೇ ಅವಳು ನನ್ನನ್ನು ಕೇಳಿದಳು: “ಮಿಸ್, ಇದ್ರಲ್ಲಿ ನಾವು ಲೈನಲ್ಲಿ ನಿಲ್ಲಂಗಿಲ್ಲ ಅಲ್ವಾ?” ಆ ಮಾತು ಕೇಳಿದ ಮೇಲೆ ಸಂಘ ಕೈತಪ್ಪಬಾರದು ಎಂಬ ಹುಳ ನನ್ನ ತಲೆ ಹೊಕ್ಕಿತು. ವರ್ಷವಿಡೀ ಅದು ನನ್ನನ್ನು ನೆಟ್ಟಗೆ ಕೂರಲು ಬಿಡಲಿಲ್ಲ.

1. ಯಾವ ಪಾರ್ಟಿ?

ಮಕ್ಕಳು ಮೊದಲು ಆರಿಸಿದ್ದು ಶಾಲೆಯ ಹಿಂಬದಿ ಮನೆಯ ಓನರ್ ಅಜ್ಜಿಯನ್ನು. ಅಜ್ಜಿಯ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಬಾಡಿಗೆ ರೂಮುಗಳ ಸಾಲು ನಿಂತಿದೆ. ಆದರೂ ಆನೇಕಲ್ ಕಡೆ ಉಳಿದ ತುಂಡು ಜಮೀನಿನಲ್ಲಿ ರಾಗಿ ಬೆಳೆಯುವುದನ್ನು ಅವರು ಬಿಟ್ಟಿಲ್ಲ. ವಯಸ್ಸಾದವರಿಗೆ ಮನೆಗೆಲಸದಲ್ಲಿ ನೆರವಾಗೋಣ ಎಂದು ಮಕ್ಕಳ ಯೋಚನೆ. ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಕಂಪನಿ ಹುಡುಗರನ್ನೂ ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತೆವು.

“ಅಜ್ಜಿ, ನಿಮಗೆ ಏನಾದ್ರೂ ಸಹಾಯ ಬೇಕಾ?” ಎಂದಳು ಲೀಡರ್.

ಅಜ್ಜಿ ಟೀ ಶರ್ಟುಗಳನ್ನು ಮೇಲಿಂದ ಕೆಳಗೆ ನೋಡಿದರು. “ಯಾವ ಪಾರ್ಟಿಯೋರಪ್ಪಾ ನೀವು?”

“ಪಾರ್ಟಿ ಅಲ್ಲ ಅಜ್ಜಿ. ಸುಮ್ನೆ ಸಹಾಯ ಮಾಡೋಕೆ ಬಂದಿದ್ದೀವಿ.”

“ಸುಮ್‌ಸುಮ್ಕೆ ಯಾರ್ ಬತ್ತಾರೆ? ಎಲೆಕ್ಸನ್ನು ಇನ್ನೂ ದೂರ ಐತೆ. ಈಗ್ಲೇ ಬಂದ್ರೆ ಅಷ್ಟೊತ್ಗೆ ನಂಗೆ ಮರ್ತೋಯ್ತದೆ. ಅತ್ರ ಬಂದಾಗ ಬನ್ನಿ.”

ನಾನು ದೇವರ ಮೇಲೆ ಆಣೆ ಹಾಕಿದ ಮೇಲೆ ಅಜ್ಜಿ ನಂಬಿದರು. ರಾಗಿ ಮೂಟೆ ಬಿಚ್ಚಿ, ಕಂಪನಿ ಹುಡುಗರ ಕೈಗೆ ಮೊರ ಕೊಟ್ಟು, ಕೇರಿ ಎಂದರು. ಹುಡುಗರು ಉತ್ಸಾಹದಿಂದ ಕೇರಿದರು. ಹೊಟ್ಟು ಮೊರದಲ್ಲೇ ಉಳಿಯಿತು, ರಾಗಿ ಬೀದಿಗೆ ಹಾರಿತು. “ಬುಡ್ರಪ್ಪಾ, ನಿಮ್ಮ ಸಾಯ ಇನ್ನೊಂದ್ ಗಳಿಗೆ ಆದ್ರೆ ನಾನ್ ಉಪ್ವಾಸ” ಎಂದು ಅಜ್ಜಿ ಮೊರ ಕಿತ್ತುಕೊಂಡು ತಾವೇ ಕೇರಿದರು. ಆಮೇಲೆ ಎಲ್ಲರನ್ನೂ ಸಾಲಾಗಿ ಕೂರಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಹೊರಡುವಾಗ ತಲೆಗೊಂದು ಪೊಟ್ಟಣ ರಾಗಿ ಹಿಟ್ಟನ್ನೂ ಕೊಟ್ಟರು.

ಗೇಟಿನಲ್ಲಿ ಹೆಡ್‌ಮಾಸ್ಟರು ನಮ್ಮ ಪೊಟ್ಟಣಗಳನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು. “ಮಿಸ್, ನಾನು ನಿಮ್ಮನ್ನ ಕಳಿಸಿದ್ದು ಕೊಟ್ಟು ಬರೋಕೆ. ನೀವು ಭಿಕ್ಷೆಗೆ ಹೋಗಿ ಬಂದಂಗಿದೆ.”

2. ಪೇಟ ತೆಗೆಯುವಂತಿಲ್ಲ

ಹೊಸೂರು ರೋಡಿನ ಬಸ್ ಸ್ಟಾಪ್ ಗುಡಿಸಿ, ಗೋಡೆಯ ಮೇಲಿನ ಎಲೆ ಅಡಿಕೆ ಕಲೆ ಉಜ್ಜಿ, ಸುಣ್ಣ ಬಳಿಯುವುದು ಮುಂದಿನ ಕೆಲಸ. ಪೊರಕೆ ಹಿಡಿದು ಹೋದರೆ ಅಲ್ಲಿ ಆಗಲೇ ಶಾಮಿಯಾನ ಎದ್ದಿತ್ತು. ವಾರ್ಡಿನ ಮುಖಂಡರಿಗೆ ಸುದ್ದಿ ಹೋಗಿತ್ತು. ಇಷ್ಟು ಒಳ್ಳೆ ಮಕ್ಕಳಿಗೆ ಸನ್ಮಾನ ಮಾಡದೆ ಬಿಟ್ಟರೆ ಊರಿನ ಮರ್ಯಾದೆ ಏನಾಗಬೇಕು?

“ಸಾರ್, ಮೊದಲು ಗುಡಿಸಿಬಿಡ್ತೀವಿ, ಆಮೇಲೆ ಸನ್ಮಾನ ಇಟ್ಕೊಳ್ಳೋಣ” ಎಂದೆ.

“ಗುಡಿಸಿದ ಮೇಲೆ ಮಕ್ಕಳು ಕೊಳೆಯಾಗಿರ್ತಾರಲ್ಲ ಮೇಡಂ, ಫೋಟೋ ಹೆಂಗ್ ಬರತ್ತೆ?” ಎಂದರು.

ಪ್ರತಿಯೊಬ್ಬರಿಗೂ ಶಾಲು, ಹಾರ, ಮೈಸೂರು ಪೇಟ. ಆಮೇಲೆ ಮುಖಂಡರ ಭಾಷಣ. ಸ್ವಚ್ಛತೆಯಿಂದ ಶುರುವಾಗಿ ಅವರ ಬಾಲ್ಯ ದಾಟಿ ಬೋರ್‌ವೆಲ್‌ಗೆ ಬಂದರೂ ನಿಲ್ಲಲಿಲ್ಲ. ನಾನು ಗಡಿಯಾರ ನೋಡುತ್ತ ಶಾಮಿಯಾನದ ಸುತ್ತ ಪ್ರದಕ್ಷಿಣೆ ಹಾಕಿದೆ. ಕೊನೆಗೆ ತಡೆಯಲಾರದೆ, ನೀವು ಶುರು ಮಾಡಿ ಎಂದು ಮಕ್ಕಳಿಗೆ ಕಣ್ಸನ್ನೆ ಮಾಡಿದೆ. ಆದರೆ ಕಾರ್ಯಕ್ರಮ ಮುಗಿಯುವ ಮೊದಲು ಪೇಟ ತೆಗೆದರೆ ಅವಮಾನವಂತೆ. ದೊಡ್ಡವರ ಅಳತೆಯ ಪೇಟ ಕಣ್ಣಿನ ತನಕ ಇಳಿದಿತ್ತು. ಶಾಲು ಸೊಂಟಕ್ಕೆ ಬಿಗಿದು ಮಕ್ಕಳು ಹಾಗೆಯೇ ಪೊರಕೆ ಹಿಡಿದರು.

ಅಷ್ಟರಲ್ಲಿ ಬಂದು ನಿಂತ ಬಸ್ಸಿನಿಂದ ಕಂಡಕ್ಟರ್ ತಲೆ ಹೊರಗೆ ಹಾಕಿದ. “ಏನ್ ಗುರು, ಅರಮನೆಯೋರೆಲ್ಲ ಕಸ ಗುಡಿಸೋಕೆ ಬಂದ್ಬಿಟ್ಟವ್ರೆ!”

ಆ ಫೋಟೋ ನಮಗಿಂತ ಮೊದಲು ಕಂಪನಿ ತಲುಪಿತ್ತು. ಮೇಡಂ ಫೋನ್ ಮಾಡಿದರು. “ಮಿಸ್, ನಾವು ದುಡ್ಡು ಕೊಟ್ಟಿದ್ದು ಸೇವೆಗೆ ಅಲ್ವಾ? ಫ್ಯಾನ್ಸಿ ಡ್ರೆಸ್‌ಗಾ?”

3. ವಾರ ಬಿಟ್ಟು ವಾರ

ಎರಡು ಸಲ ಮುಖಭಂಗವಾದ ಮೇಲೆ ನನಗೆ ಒಳಗೊಳಗೇ ಕುದಿತ. ಮೇಡಂ ಪ್ರತಿ ಫೋನಿನಲ್ಲೂ ಕೇಳುತ್ತಿದ್ದದ್ದು ಒಂದೇ: “ಬೆನಿಫಿಷಿಯರಿ ಯಾರು?” ಅಂದರೆ, ನಮ್ಮ ಕೈಯಿಂದ ತೆಗೆದುಕೊಂಡು ಅನುಕೂಲ ಪಡೆದವರು ಯಾರು ಎಂದು.

ದಾರಿ ಹುಡುಕಿದವಳು ಲೀಡರ್. ಓನರ್ ಅಜ್ಜಿಯ ರೂಮುಗಳಲ್ಲಿ ಕೊಪ್ಪಳ, ರಾಯಚೂರು ಕಡೆಯ ಗಾರೆ ಕೆಲಸದವರು ಇದ್ದರು. ಶನಿವಾರ ಸಂಜೆ ದಣಿದು ಬರುವ ಅವರಿಗೆ ನಮ್ಮ ಮನೆಗಳಿಂದ ಅಡುಗೆ ಒಯ್ಯೋಣ ಎಂದಳು. ಕಂಪನಿ ತನ್ನ ಹೆಸರು ಕೊರೆಸಿದ ಸ್ಟೀಲ್ ಡಬ್ಬಿ ಕಳಿಸಿತು. ಮಕ್ಕಳ ಅಮ್ಮಂದಿರು ಬಿಸಿಬೇಳೆ ಬಾತ್ ಮಾಡಿದರು. ಡಬ್ಬಿಗಳು ರೂಮು ಸೇರಿದವು. ಅಂದು ನಾನು ಬಹಳ ದಿನದ ಮೇಲೆ ಕೂತು ಕಾಫಿ ಕುಡಿದೆ.

ಮುಂದಿನ ಶನಿವಾರ ಖಾಲಿ ಡಬ್ಬಿ ತರಲು ಹೋದ ಮಕ್ಕಳು ಭಾರ ಹೊತ್ತು ಬಂದರು. ಒಳಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಾನು ರೂಮಿಗೆ ಓಡಿದೆ. ಅಲ್ಲಿ ಮೇಸ್ತ್ರಿಯ ಹೆಂಡತಿ ಒಲೆ ಮುಂದೆ ಕೂತಿದ್ದಳು. ಇಡೀ ಸಾಲಿನವರಿಗೆ ರೊಟ್ಟಿ ಬಡಿಯುವವಳು ಅವಳೇ, ಮಕ್ಕಳ ಬಾಯಲ್ಲಿ ರೊಟ್ಟಿ ಅಕ್ಕ.

“ಅಕ್ಕಾ, ವಾಪಸ್ ಕೊಡೋದು ಬೇಡ. ಇದು ನಾವು ನಿಮಗೆ ಕೊಟ್ಟಿದ್ದು” ಎಂದೆ.

“ಅದು ಖರೇ ರೀ ಟೀಚರ್. ಆದ್ರ ತುಂಬಿ ಬಂದ ಡಬ್ಬಿ ಖಾಲಿ ಹೆಂಗ ಕಳಸೂದ್ರೀ? ನಮ್ಮ ಮನ್ಯಾಗ ಹಂಗ ಮಾಡೂದಿಲ್ರೀ.”

ಇತ್ತ ಅಮ್ಮಂದಿರಿಗೆ ರೊಟ್ಟಿ ಡಬ್ಬಿ ತಲುಪಿತು. ತುಂಬಿ ಬಂದದ್ದನ್ನು ಅವರಾದರೂ ಖಾಲಿ ಕಳಿಸುತ್ತಾರೆಯೇ? ಪುಳಿಯೋಗರೆ ಹೋಯಿತು. ಅತ್ತಲಿಂದ ಹೋಳಿಗೆ ಬಂತು. ಇತ್ತಲಿಂದ ಪಾಯಸ ಹೋಯಿತು. ನಾನು ನಡುವೆ ಓಡಾಡಿ ಸೋತೆ.

ಮೇಡಂ ಫೋನ್ ಬಂತು. “ಈಗಲಾದ್ರೂ ಹೇಳಿ ಮಿಸ್, ಬೆನಿಫಿಷಿಯರಿ ಯಾರು?”

ನನಗೆ ಸುಳ್ಳು ಹೇಳಲು ಬರುವುದಿಲ್ಲ. “ಒಂದು ವಾರ ಅವರು, ಒಂದು ವಾರ ನಾವು ಮೇಡಂ.”

4. ಎಲೆ ತಟ್ಟೆ

ಇದಕ್ಕೆ ಪರಿಹಾರವನ್ನೂ ಮೇಡಂ ಅವರೇ ಸೂಚಿಸಿದರು. “ವಾಪಸ್ ಬರೋ ಪಾತ್ರೆ ಇದ್ರೆ ತಾನೇ ತೊಂದರೆ? ಎಲೆ ತಟ್ಟೇಲಿ ಕೊಡಿ. ತಿಂದು ಎಸೀಲಿ. ವಿಷಯ ಮುಗೀತು.”

ನನಗೂ ಸರಿ ಅನ್ನಿಸಿತು. ಆ ಶನಿವಾರ ಅಡಿಕೆ ಹಾಳೆ ತಟ್ಟೆಯಲ್ಲಿ ಚಿತ್ರಾನ್ನ ಕೊಟ್ಟು ಬಂದೆವು. ಗೆದ್ದೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಹೆಡ್‌ಮಾಸ್ಟರ ಫೋನ್. “ಮಿಸ್, ಬೇಗ ಬನ್ನಿ. ಶಾಲೆ ಗೋಡೆ ಹತ್ರ ಜನ ಸೇರಿದ್ದಾರೆ.” ಚಿತ್ರಾನ್ನ ತಿಂದು ಯಾರಿಗೋ ಹೊಟ್ಟೆ ಕೆಟ್ಟಿದೆ ಎಂದೇ ಖಾತ್ರಿಯಾಯಿತು. ಸೀರೆ ನೆರಿಗೆ ಕೈಯಲ್ಲಿ ಹಿಡಿದು ಓಡಿದೆ. ನೋಡಿದರೆ ರೂಮುಗಳ ಗಂಡಸರೆಲ್ಲ ಬಾಂಡ್ಲಿ, ಕರಣೆ ಹಿಡಿದು, ಬಿದ್ದು ಹೋಗಿದ್ದ ನಮ್ಮ ಕಾಂಪೌಂಡ್ ಗೋಡೆ ಕಟ್ಟುತ್ತಿದ್ದಾರೆ.

“ಇದೇನ್ ಮೇಸ್ತ್ರಿ?” ಎಂದೆ ಏದುಸಿರು ಬಿಡುತ್ತ.

“ನೀವು ನಿನ್ನೆ ಡಬ್ಬಿ ಕೊಡ್ಲಿಲ್ಲಲ್ರೀ ಟೀಚರ್. ಮತ್ತ ನಾವು ಯಾತರಾಗ ತುಂಬಿ ಕೊಡೂದು? ಅದಕ್ಕ ಹಿಂಗ ಬಂದ್ವಿ.”

ನಾನು ತಲೆ ಮೇಲೆ ಕೈ ಹೊತ್ತು ಅಲ್ಲೇ ಇಟ್ಟಿಗೆ ಮೇಲೆ ಕೂತೆ. ಹೆಡ್‌ಮಾಸ್ಟರು ಮಾತ್ರ ಗೋಡೆಯನ್ನು ಸವರಿ ನೋಡಿ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಮಿಸ್, ಮುಂದಿನ ವಾರ ಚಿತ್ರಾನ್ನದ ಜೊತೆ ಒಂದು ಸ್ವೀಟ್ ಇಡಿ. ಟಾಯ್ಲೆಟ್ ಗೋಡೆನೂ ಬಿರುಕು ಬಿಟ್ಟಿದೆ.”

5. ಮೇಡಂ ಬಂದರು

ಎಲೆ ತಟ್ಟೆ ಬಿಟ್ಟು ಮತ್ತೆ ಡಬ್ಬಿಗೇ ಮರಳಿದೆವು. ವರ್ಷ ಮುಗಿಯುತ್ತಾ ಬಂತು. ತೀರ್ಮಾನಕ್ಕೆ ಮೇಡಂ ವೈಟ್‌ಫೀಲ್ಡಿನ ತಮ್ಮ ಮನೆಯಿಂದ ಬರುವ ದಿನ ನಾನು ಗೇಟಿಗೂ ಸ್ಟಾಫ್ ರೂಮಿಗೂ ಎಷ್ಟು ಸಲ ಓಡಾಡಿದೆನೋ ದೇವರಿಗೇ ಗೊತ್ತು. ಟ್ರಾಫಿಕ್ಕಿನಲ್ಲಿ ನರಳಿ ಅವರು ಬಂದಾಗ ಮಧ್ಯಾಹ್ನ ಕಳೆದಿತ್ತು. ನೇರ ರೊಟ್ಟಿ ಅಕ್ಕನ ಬಾಗಿಲಿಗೆ ಹೋದರು.

“ಈ ಮಕ್ಕಳಿಂದ ನಿಮಗೇನು ಉಪಯೋಗ ಆಯ್ತಮ್ಮಾ?”

“ನಮಗೇನ್ರೀ? ಪಾಪ, ಹುಡುಗ್ರಿಗೆ ರೊಟ್ಟಿ ಅಂದ್ರ ಜೀವ. ಅದಕ್ಕ ಮಾಡಿ ಕಳಸ್ತೀವ್ರಿ. ನಮ್ಮ ಕೈಲಾದಷ್ಟು ಸಹಾಯ.”

ಮೇಡಂ ನನ್ನ ಕಡೆ ತಿರುಗಿದರು. ಕೋಪಕ್ಕಿಂತ ಸುಸ್ತು ಹೆಚ್ಚಿತ್ತು. “ಮಿಸ್, ಇಲ್ಲಿ ಎಲ್ಲರೂ ಕೊಡೋರೇ. ತಗೊಳ್ಳೋರು ಒಬ್ರೂ ಇಲ್ಲ. ಮೇಲಿನವರಿಗೆ ನಾನು ಯಾರನ್ನ ತೋರಿಸ್ಲಿ? ಮುಂದಿನ ವರ್ಷಕ್ಕೆ ಬೇರೆ ಶಾಲೆ ನೋಡಬೇಕಾಗತ್ತೆ.”

ಮಕ್ಕಳಿಗೆ ಅದು ಕೇಳಿಸಿತು. ನನಗೆ ಅಳುವೇ ಬಂತು, ಆದರೆ ಮಕ್ಕಳ ಮುಂದೆ ಅಳುವುದು ಹೇಗೆ? ಮೇಡಂ ವ್ಯಾನ್ ಹತ್ತುವಾಗ ಲೀಡರ್ ಓಡಿಬಂದು, ಆ ವಾರ ರೂಮಿಗೆ ಹೋಗಬೇಕಾಗಿದ್ದ ತನ್ನಮ್ಮನ ಪುಳಿಯೋಗರೆ ಡಬ್ಬಿಯನ್ನು ಅವರ ಕೈಗಿಟ್ಟಳು. “ದಾರೀಲಿ ತಿನ್ನಿ ಮೇಡಂ.”

ವ್ಯಾನ್ ಹೋದ ಮೇಲೆ ನಾನು ರೇಗಿದೆ. “ನಮ್ಮ ಸಂಘ ಕಿತ್ಕೊಂಡು ಹೋಗ್ತಿರೋರಿಗೆ ಊಟ ಬೇರೆ ಕೊಟ್ಯಲ್ಲೇ?”

“ಹಸ್ಕೊಂಡಿದ್ರು ಮಿಸ್” ಎಂದಳು.

ವಾರ ಪೂರ್ತಿ ನಾನು ಕಂಡಕಂಡವರ ಮೇಲೆ ಸಿಡುಕುತ್ತ ಓಡಾಡಿದೆ. ಶುಕ್ರವಾರ ಮೇಡಂ ಫೋನ್ ಬಂತು. “ಮಿಸ್, ಆ ಡಬ್ಬಿ ವಾಪಸ್ ಕಳಿಸೋಕೆ ನಮ್ಮಮ್ಮ ಬಿಡ್ತಿಲ್ಲ. ಖಾಲಿ ಕಳಿಸ್ತೀಯಾ, ಯಾವ ಮನೆ ಮಗಳೇ ನೀನು ಅಂತಾರೆ. ಅದು ನಮ್ಮ ಕಂಪನಿ ಡಬ್ಬಿನೇ ಅಮ್ಮಾ, ಹೆಸರಿದೆ ನೋಡು ಅಂದೆ. ಡಬ್ಬಿ ಕಂಪನಿದು, ಪುಳಿಯೋಗರೆ ಕಂಪನಿದಾ ಅಂತ ಬೈದ್ರು. ನಾಳೆ ಬರ್ತೀವಿ.”

ಶನಿವಾರ ವ್ಯಾನಿನಿಂದ ಮೊದಲು ಇಳಿದದ್ದು ಮೇಡಂ ಅಲ್ಲ, ಅವರಮ್ಮ. “ನನ್ನ ಮಗಳಿಗೆ ಊಟ ಕೊಟ್ಟೋಳು ಯಾರಮ್ಮಾ?” ಎಂದು ಲೀಡರನ್ನು ಹುಡುಕಿ, ಕೋಡುಬಳೆ ತುಂಬಿದ ಡಬ್ಬಿಯನ್ನು ಅವಳ ಕೈಗೆ ಕೊಟ್ಟರು. ಡಬ್ಬಿ ರೂಮಿಗೆ ಹೋಗಬೇಕಿತ್ತಲ್ಲ, ಅದರ ಹಿಂದೆಯೇ ಅವರೂ ಹೋದರು. ನಾವು ಹೋಗಿ ನೋಡುವಾಗ ರೊಟ್ಟಿ ಅಕ್ಕನ ಒಲೆ ಪಕ್ಕ ಚಕ್ಕಳ ಮಕ್ಕಳ ಹಾಕಿ ಕೂತು ರೊಟ್ಟಿ ಮುರಿಯುತ್ತಿದ್ದರು.

ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಕಣ್ಣಲ್ಲಿ ಹೊಳಪಿತ್ತು. “ಮಿಸ್, ತಗೊಳ್ಳೋರು ಒಬ್ಬರನ್ನಾದ್ರೂ ತೋರಿಸಿ, ಸಂಘ ಇಲ್ಲೇ ಇರಲಿ ಅಂತ ಮೇಲಿನವರು ಒಪ್ಪಿದ್ದಾರೆ. ಅಮ್ಮ ಇದ್ದಾರಲ್ಲ! ಆ ಪುಳಿಯೋಗರೇಲಿ ಅವರೂ ಪಾಲು ತಿಂದಿದ್ದಾರೆ, ಈಗ ರೊಟ್ಟಿನೂ ತಿಂತಿದ್ದಾರೆ. ಒಂದು ಮಾತು ಹೇಳಿದ್ರೆ ವಿಡಿಯೋ ಮಾಡಿ ಕಳಿಸ್ತೀನಿ.” ಮಕ್ಕಳೆಲ್ಲ ಬಾಗಿಲಲ್ಲಿ ಗುಂಪುಗೂಡಿದರು. ಮೇಡಂ ಫೋನ್ ಎತ್ತಿ ಹಿಡಿದರು.

“ಅಮ್ಮಾ, ಇವರಿಂದ ನಿನಗೆ ಏನು ಸಹಾಯ ಆಯ್ತು, ಹೇಳು.”

“ಇವರಿಂದ ನನಗಾ?” ಎಂದರು ಅಮ್ಮ, ಬಾಯಲ್ಲಿದ್ದ ರೊಟ್ಟಿ ನುಂಗಿ. “ಪಾಪ, ಇವಳಿಗೆ ಚಟ್ನಿಗೆ ಚೂರು ಬೆಲ್ಲ ಹಾಕೋದು ಗೊತ್ತಿಲ್ಲ. ಆ ಹುಡುಗಿ ಅಮ್ಮನಿಗೆ ಪುಳಿಯೋಗರೆಗೆ ಎಳ್ಳು ಹುರಿಯೋದು ಗೊತ್ತಿಲ್ಲ. ನಾನೇ ಪ್ರತಿ ಶನಿವಾರ ಬಂದು ಹೇಳ್ಕೊಟ್ಟು ಹೋಗ್ತೀನಿ. ವ್ಯಾನ್ ಕಳಿಸೋಕೆ ಹೇಳು ನಿಮ್ಮ ಕಂಪನಿಗೆ!”

ಮೇಡಂ ನಿಧಾನವಾಗಿ ಫೋನ್ ಇಳಿಸಿದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಅಮ್ಮನ ಪಕ್ಕ ಕೂತು, ಬುಟ್ಟಿಯಿಂದ ಒಂದು ರೊಟ್ಟಿ ಎಳೆದುಕೊಂಡರು. “ಸಂಘ ಎಲ್ಲೂ ಹೋಗಲ್ಲ ಮಿಸ್. ಬೆನಿಫಿಷಿಯರಿ ಅಂತ ನನ್ನ ಹೆಸರೇ ಕೊಡ್ತೀನಿ. ಇಷ್ಟು ಜನರಲ್ಲಿ ಬರೀ ತಿಂದು, ಏನೂ ಕೊಡದೇ ಇರೋಳು ನಾನೊಬ್ಳೇ.”

ಮಕ್ಕಳು ಕೂಗಿದ ಕೂಗಿಗೆ ಪಕ್ಕದ ರೂಮಿನವರು ಹೊರಗೆ ಬಂದರು. ನಾನಂತೂ ಆ ವರ್ಷ ಮೊದಲ ಸಲ ಗೋಡೆಗೆ ಒರಗಿ ನಿರಾಳವಾಗಿ ಕೂತೆ.

ರೊಟ್ಟಿ ಅಕ್ಕ ಮಾತ್ರ ಮೇಡಂ ಮುಖ ನೋಡಿ ಮರುಗಿದಳು. “ಹಂಗ್ಯಾಕ ಬ್ಯಾಸರ ಮಾಡ್ಕೋತೀರಿ ಮೇಡಂ? ಉಂಡಾದ ಮ್ಯಾಲ ಅಷ್ಟೂ ತಾಟು ತೊಳದ ಕೊಡ್ರಿ. ಅದೂ ಒಂದು ಸಹಾಯನ ರೀ.”