ನಾಯಿಗೆ ಕಲ್ಲು ಹೊಡೆಯದ ಅಂಚೆಯಣ್ಣ

ಆರಿಸುವ ಕೆಲಸ ನನಗೆ ಒಗ್ಗುವುದಿಲ್ಲ. ನಾನು ಆರಿಸಿ ತಂದ ತೆಂಗಿನಕಾಯಿಯಲ್ಲಿ ನೀರಿರುವುದಿಲ್ಲ. ಕಲ್ಲಂಗಡಿಯನ್ನು ತಟ್ಟಿ, ಕಿವಿಗೊಟ್ಟು, ಬಲ್ಲವನಂತೆ ತಲೆದೂಗಿ ತಂದರೆ ಒಳಗೆ ಸೌತೆಕಾಯಿಯ ಬಣ್ಣ. ಸಂತೆಗೆ ಹೋಗುವಾಗ ನನ್ನ ಹೆಂಡತಿ ಗಿರಿಜಾ ನನ್ನ ಕೈಗೆ ಚೀಲ ಕೊಡುತ್ತಾಳೆಯೇ ಹೊರತು ಅಧಿಕಾರ ಕೊಡುವುದಿಲ್ಲ. ಇಂಥವನನ್ನು ಕರೆದು ಆಯ್ಕೆ ಸಮಿತಿಗೆ ಹಾಕಿದರು. ನಾನು ಬೇಡ ಎನ್ನಲಿಲ್ಲ. ಬೇಡ ಎನ್ನದಿರುವುದಕ್ಕೆ ಒಂದು ಕಾರಣವಿತ್ತು, ಅದು ಅಷ್ಟೇನೂ ಒಳ್ಳೆಯ ಕಾರಣವಲ್ಲ.

ಮೊದಲು ನನ್ನ ಹುಚ್ಚಿನ ವಿಷಯ ಹೇಳಿಬಿಡುತ್ತೇನೆ. ನಾನು ಕಡೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ವಯಸ್ಸು ಐವತ್ತರ ಹೊಸ್ತಿಲಿಗೆ ಬಂದರೂ ಹಳೆಯ ವಿಡಿಯೋ ಗೇಮುಗಳ ಮೋಹ ಬಿಟ್ಟಿಲ್ಲ. ಟೀವಿಗೆ ಡಬ್ಬಿ ಸಿಕ್ಕಿಸಿ, ಕ್ಯಾಸೆಟ್ ತುರುಕಿ ಆಡುತ್ತಿದ್ದೆವಲ್ಲ, ಅವು. ಅದರಲ್ಲೂ ನಮ್ಮದು ಬೇರೆಯೇ ಪಂಗಡ. ನಾವು ಆಟವನ್ನು ಆಡುವುದಿಲ್ಲ, ಬರೆಯುತ್ತೇವೆ. ಒಂದು ಸೆಕೆಂಡನ್ನು ಅರವತ್ತು ಚೂರು ಮಾಡಿ, ಯಾವ ಚೂರಿನಲ್ಲಿ ಯಾವ ಬಟನ್ ಒತ್ತಬೇಕೆಂದು ಕಂಪ್ಯೂಟರಿನ ಮುಂದೆ ಕೂತು ಪಟ್ಟಿ ಮಾಡುತ್ತೇವೆ. ತಪ್ಪಾದರೆ ಹಿಂದಕ್ಕೆ ಹೋಗಿ ತಿದ್ದುತ್ತೇವೆ. ಕೊನೆಗೆ ಆ ಪಟ್ಟಿಯನ್ನು ಒಂದು ಪುಟ್ಟ ಯಂತ್ರಕ್ಕೆ ಉಣಿಸಿದರೆ, ಅದು ಮನುಷ್ಯರ ಬೆರಳಿಗೆ ಸಾಧ್ಯವಿಲ್ಲದ ಚುರುಕಿನಲ್ಲಿ ಆಟ ಮುಗಿಸುತ್ತದೆ. ಇದಕ್ಕೆ ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್, ಚಿಕ್ಕದಾಗಿ ಟಾಸ್ ಎನ್ನುತ್ತಾರೆ. ಹತ್ತು ನಿಮಿಷದ ಆಟ ಬರೆಯಲು ವರ್ಷ ಹಿಡಿದರೂ ಹಿಡಿದೀತು. ಇದನ್ನೆಲ್ಲ ಗಿರಿಜಾಳಿಗೆ ಒಂದು ಸಲ ಬಿಡಿಸಿ ಹೇಳಿದೆ. ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡು, "ಅಂದ್ರೆ ಆಡೋದು ಯಂತ್ರ, ಕಣ್ಣು ಹಾಳಾಗೋದು ನಿಮ್ದು" ಎಂದಳು. ಇದಕ್ಕಿಂತ ಚೆನ್ನಾದ ವ್ಯಾಖ್ಯೆಯನ್ನು ನಾನು ಇನ್ನೂ ಎಲ್ಲೂ ಓದಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಮುತ್ತ ಇಂಥ ಆಟಗಳ ಮೋಹದವರು ಒಂದು ವಾಟ್ಸಾಪ್ ಗುಂಪಿನಷ್ಟು ಜನ ಇದ್ದೇವೆ. ರಕ್ತದಾನ ಶಿಬಿರಕ್ಕೆ ಜನ ಸೇರಲಿ ಎಂದು ತರೀಕೆರೆಯ ಕಲ್ಯಾಣ ಮಂಟಪದಲ್ಲಿ ಎರಡು ದಿನ ಗೇಮಿಂಗ್ ಮ್ಯಾರಥಾನ್ ಮಾಡುವುದೆಂದು ಗುಂಪಿನಲ್ಲಿ ನಿರ್ಧಾರವಾಯಿತು. ದೊಡ್ಡ ಹಾಲಿನಲ್ಲಿ ಒಂದಾದ ಮೇಲೊಂದು ಆಟ, ಪಕ್ಕದ ಊಟದ ಹಾಲಿನಲ್ಲಿ ರಕ್ತ. ಬ್ಯಾನರ್ ಕಟ್ಟಿದ ಮಾರನೆಯ ದಿನವೇ ಸಖರಾಯಪಟ್ಟಣದಿಂದ ಒಬ್ಬರು ನನಗೆ ಫೋನ್ ಮಾಡಿ, "ಎಲ್ಲಿಂದ ಎಲ್ಲೀಗಂಟ ಓಡ್ಬೇಕು ಸಾರ್?" ಎಂದು ಕೇಳಿದರು. ಓಡುವುದಿಲ್ಲ, ಕೂತಲ್ಲೇ ಎಂದೆ. "ಹಂಗಾದ್ರೆ ಬತ್ತೀನಿ ಬಿಡಿ" ಎಂದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲಿನ ಒಂದು ಗಂಟೆ, ಅಂದರೆ ಸಭೆಯೆಲ್ಲ ತೂಕಡಿಸುವ ಹೊತ್ತು, ಟಾಸ್ ಪ್ರದರ್ಶನಕ್ಕೆ ಸಿಕ್ಕಿತು. ಮೂರು ಆಟ ತೋರಿಸಬಹುದು. ಬಂದದ್ದು ಏಳು. ಆರಿಸಬೇಕಾದವರು ನಾನು ಮತ್ತು ಅಜ್ಜಂಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುವ ಭಾರತಿ ಮೇಡಂ.

ಈಗ ಆ ಒಳ್ಳೆಯದಲ್ಲದ ಕಾರಣ. ಬಂದ ಏಳರಲ್ಲಿ ಒಂದು ನನ್ನದೇ. ಆರಿಸುವವನೇ ಅರ್ಜಿ ಹಾಕಿದರೆ ಚೆನ್ನಾಗಿರುವುದಿಲ್ಲ ಎಂದು, ಹೊಸ ಇಮೇಲ್ ಮಾಡಿ, ಹೆಂಡತಿಯ ಹೆಸರಿನಲ್ಲಿ ಕಳಿಸಿದ್ದೆ. ಅವಳಿಗೆ ಹೇಳಿರಲಿಲ್ಲ.

ಒಂದು ಶನಿವಾರ ಭಾರತಿ ಮೇಡಂ ನಮ್ಮ ಮನೆಗೆ ಬಂದರು. ಏಳನ್ನೂ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆವು. ಎರಡರ ಬಗ್ಗೆ ಇಬ್ಬರಿಗೂ ಅನುಮಾನ ಇರಲಿಲ್ಲ. ಮೂರನೆಯ ಜಾಗಕ್ಕೆ ಪೈಪೋಟಿ ಬಿದ್ದದ್ದು ಒಂದೇ ಆಟದ ಎರಡು ಟಾಸ್‌ಗಳಿಗೆ. ಆಟ ಇಷ್ಟೇ: ಒಬ್ಬ ಅಂಚೆಯಣ್ಣ ಚೀಲ ಹೊತ್ತು ಕಾಡು, ಹಳ್ಳ, ಕೋಟೆ ದಾಟಿ ಒಂದು ಕಾಗದ ತಲುಪಿಸಬೇಕು. ದಾರಿಯುದ್ದಕ್ಕೂ ನಾಯಿ, ಬಾವಲಿ, ಕಣಜದ ಹುಳ. ಅವಕ್ಕೆಲ್ಲ ಹೊಡೆಯಲು ಕಲ್ಲು ಕೊಟ್ಟಿರುತ್ತಾರೆ. ನನ್ನ ಅಂಚೆಯಣ್ಣ ಕಂಡದ್ದಕ್ಕೆಲ್ಲ ಕಲ್ಲು ಬೀರಿ, ಎರಡು ಕಡೆ ಗೋಡೆಯೊಳಗೇ ನುಗ್ಗಿ, ಹನ್ನೊಂದು ನಿಮಿಷದಲ್ಲಿ ಕಾಗದ ತಲುಪಿಸುತ್ತಿದ್ದ. ಇನ್ನೊಂದು, ಬೀರೂರಿನ ರಂಗಪ್ಪ ಎಂಬುವರು ಕಳಿಸಿದ್ದು, ಹದಿನಾಲ್ಕು ನಿಮಿಷ ತೆಗೆದುಕೊಳ್ಳುತ್ತಿತ್ತು. "ಇದು ಸ್ಪೀಡ್‌ರನ್ನು. ನಿಧಾನದ್ದು ಹೇಗೆ ಇಡೋದು ಮೇಡಂ?" ಎಂದೆ, ಆದಷ್ಟು ನ್ಯಾಯಾಧೀಶರ ದನಿಯಲ್ಲಿ.

ಭಾರತಿ ಮೇಡಂ ಕನ್ನಡಕ ಸರಿಮಾಡಿಕೊಂಡು, "ಈ ಗಿರಿಜಾ ಅನ್ನೋರು ಬುದ್ಧಿವಂತರೇ ಸಾರ್. ಆದ್ರೆ ತೋರಿಸ್ಕೊಳ್ಳೋ ಚಟ ಜಾಸ್ತಿ. ನೋಡಿ, ಇಲ್ಲಿ ಸುಮ್ಸುಮ್ನೆ ಮೂರು ಸಲ ಕುಣಿದಿದಾರೆ" ಎಂದರು.

ಅಷ್ಟು ಹೊತ್ತಿಗೆ ಕಾಫಿ ತಂದ ಗಿರಿಜಾ, "ಯಾರ್ರೀ ಅದು, ನನ್ನ ಹೆಸರಿನೋರು?" ಎಂದಳು.

"ಪಂಚನಹಳ್ಳಿ ಕಡೆಯೋರು ಯಾರೋ" ಎಂದೆ. ಕಾಫಿ ನೆತ್ತಿಗೆ ಹತ್ತಿತು. ನನ್ನ ತಲೆ ತಟ್ಟುತ್ತ ಅವಳು, "ಪಾಪ, ಕುಣೀಲಿ ಬಿಡಿ ಮೇಡಂ, ಆಯಮ್ಮಂಗೂ ಮನೇಲಿ ಏನು ಕಷ್ಟವೋ" ಎಂದು ನನ್ನ ಪರವಾಗಿ, ಅಂದರೆ ತನ್ನ ಪರವಾಗಿ, ವಾದಿಸಿ ಒಳಗೆ ಹೋದಳು.

ತೀರ್ಮಾನವಾಗಲಿಲ್ಲ. ರಂಗಪ್ಪನವರನ್ನೇ ಒಂದು ಸಲ ನೋಡಿಬರೋಣ ಎಂದು ಭಾರತಿ ಮೇಡಂ ಹಟ ಹಿಡಿದದ್ದರಿಂದ ಮಾರನೆಯ ದಿನ ಬಸ್ಸಿನಲ್ಲಿ ಬೀರೂರಿಗೆ ಹೋದೆವು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮನೆ. ಬಾಗಿಲು ತೆಗೆದವರಿಗೆ ಎಪ್ಪತ್ತರ ಮೇಲಾಗಿತ್ತು. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ, ರೈಲುಗಳನ್ನು ಒಂದು ಹಳಿಯಿಂದ ಇನ್ನೊಂದು ಹಳಿಗೆ ತಿರುಗಿಸುತ್ತ ಜೀವ ಸವೆಸಿದವರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಕಂಪ್ಯೂಟರ್. "ಬನ್ನಿ ಸಾ, ಬಾರವ್ವ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದಾಗ ಗಮನಿಸಿದೆ: ಎರಡು ಕೈಗಳೂ ನಡುಗುತ್ತಿದ್ದವು. ಕುರ್ಚಿಯ ಕಾಲು ನೆಲದ ಮೇಲೆ ಟಕಟಕ ಎಂದಿತು. ಅವರ ಮಗಳು ಟೀ ತಂದಳು. ನಮಗೆ ಲೋಟದ ತುಂಬ, ಅಪ್ಪನಿಗೆ ಕಾಲು ಲೋಟ.

"ಐದು ವರ್ಸ ಆಯ್ತು ಸಾ, ಇದು ಸುರುವಾಗಿ" ಎಂದರು ರಂಗಪ್ಪ, ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ. "ಮೊಮ್ಮಕ್ಕಳ ಜೊತೆ ಆಡ್ತಿದ್ದೆ. ಕೊನೆಕೊನೆಗೆ ಮೊದಲ್ನೇ ಹಳ್ಳಾನೇ ದಾಟಕ್ಕಾಗ್ತಿರ್ಲಿಲ್ಲ. ದೊಪ್ಪಂತ ಬೀಳದು. ಮಕ್ಕಳು ನಗವು. ನಾನೂ ನಕ್ಕಂಡು ಬಿಟ್ಬಿಟ್ಟೆ. ಆಮೇಲೆ ಈ ಟಾಸ್ ಗೊತ್ತಾಯ್ತು ನೋಡಿ. ಇದ್ರಲ್ಲಿ ಒಂದು ಬಟನ್ ಒತ್ತಕ್ಕೆ ನಾನು ಅರ್ಧ ಗಂಟೆ ತಗಂಡ್ರೂ ಯಾರೂ ಬಯ್ಯಲ್ಲ. ಆಟ ನನಗೋಸ್ಕರ ಕಾಯ್ತದೆ."

ಭಾರತಿ ಮೇಡಂ ಮೆಲ್ಲಗೆ, "ಹದಿನಾಲ್ಕು ನಿಮಿಷ ಯಾಕೆ ಆಗುತ್ತೆ ರಂಗಪ್ಪನೋರೇ? ಕಲ್ಲು ಹೊಡೆದ್ರೆ ಬೇಗ ಆಗ್ತಿತ್ತಲ್ಲ?" ಎಂದರು.

"ಹೊಡೀಬಹುದಿತ್ತವ್ವ. ಯಾರ್ಗೂ ಹೊಡೀದೆ, ಯಾರನ್ನೂ ಮುಟ್ದೆ ಹೋಗಕ್ಕಾಯ್ತದಾ ಅಂತ ನೋಡ್ದೆ. ನಾಯಿ ಮಲಗೋಗಂಟ ಕಾಯ್ಬೇಕಾಯ್ತದೆ, ಅಷ್ಟೇಯ. ಎರಡು ವರ್ಸ ಹಿಡೀತು. ಆಯ್ತು."

ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಆ ಆಟದಲ್ಲಿ ಕಲ್ಲು ಎಸೆಯದೆ ಕೋಟೆ ದಾಟಬಹುದೆಂದು ನನಗೆ, ಅದನ್ನು ಅರೆದು ಕುಡಿದಿದ್ದೇನೆ ಎಂದುಕೊಂಡವನಿಗೆ, ಹೊಳೆದೇ ಇರಲಿಲ್ಲ. ಸೆಕೆಂಡು ಎಣಿಸುವುದರಲ್ಲಿ ಕಣ್ಣು ಅತ್ತ ಹೋಗಿರಲಿಲ್ಲ. ಟೀ ತಣ್ಣಗಾಯಿತು.

ವಾಪಸ್ ಬರುವಾಗ ಬಸ್ಸು ಊರು ದಾಟುವುದರೊಳಗೆ ಭಾರತಿ ಮೇಡಂಗೆ ನಿಜ ಹೇಳಿಬಿಟ್ಟೆ. ಅವರು ಕಿಟಕಿಯಿಂದ ಮುಖ ತಿರುಗಿಸದೆ, "ಗೊತ್ತಿತ್ತು ಬಿಡಿ ಸಾರ್. ನಿಮ್ಮ ಗೇಟಿನ ಬೋರ್ಡ್ ಮೇಲೆ ನಿಮ್ಮ ಹೆಸರಿನ ಕೆಳಗೆ ಅವರ ಹೆಸರೂ ಬರ್ದಿದೆಯಲ್ಲ" ಎಂದರು. ಅಂದರೆ ಆ 'ಚಟ ಜಾಸ್ತಿ' ಎಂದದ್ದು ತಿಳಿದೇ ಅಂದದ್ದು! ನನ್ನ ಅರ್ಜಿ ವಾಪಸ್ ಪಡೆದೆ. ಮನೆಗೆ ಬಂದು ಗಿರಿಜಾಳಿಗೂ ಒಪ್ಪಿಸಿದೆ. ಅವಳು ಕೋಪಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು, "ಸೋಲೋಕೆ ಮಾತ್ರ ನನ್ನ ಹೆಸರು. ಗೆದ್ದಿದ್ರೆ ವೇದಿಕೆ ಮೇಲೆ ನೀವೇ ಹೋಗಿ ನಿಂತ್ಕೋತಿದ್ರಿ" ಎಂದಳು. ಕೋಪವೇ ವಾಸಿಯಿತ್ತು.

ಮ್ಯಾರಥಾನಿನ ಭಾನುವಾರ ಮಧ್ಯಾಹ್ನ ಮೊದಲೆರಡು ಆಟ ಸಲೀಸಾಗಿ ಹೋದವು. ರಂಗಪ್ಪನವರ ಸರದಿ. ಅವರೇ ಪಕ್ಕದಲ್ಲಿ ಕೂತು ವಿವರಣೆ ಹೇಳಬೇಕು. ಮೈಕು ಹಿಡಿದರೆ ಹಲ್ಲಿಗೆ ಬಡಿಯುತ್ತಿತ್ತು. ನಾನು ಹೋಗಿ ಹಿಡಿದುಕೊಂಡೆ. ಭಾರತಿ ಮೇಡಂ ಯಂತ್ರ ಚಾಲೂ ಮಾಡಿದರು. ನಾಲ್ಕನೇ ನಿಮಿಷದಲ್ಲಿ, ಏನಾಯಿತೋ, ತಾಳ ತಪ್ಪಿತು. ಯಂತ್ರಕ್ಕೆ ಕಣ್ಣಿಲ್ಲವಲ್ಲ, ಪಟ್ಟಿಯಲ್ಲಿದ್ದಂತೆ ಒತ್ತುತ್ತಲೇ ಇತ್ತು. ಅಂಚೆಯಣ್ಣ ಮಾತ್ರ ಒಂದು ಹೆಜ್ಜೆ ಹಿಂದೆ ಬಿದ್ದು, ಗೋಡೆಗೆ ಹಣೆ ಚಚ್ಚಿಕೊಳ್ಳುತ್ತ, ಕೊನೆಗೆ ನೇರ ನಾಯಿಯ ಬಾಯಿಗೆ ಹೋದ. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ರಂಗಪ್ಪನವರ ಮುಖ ನೋಡಲಾಗಲಿಲ್ಲ. ನಾನು ಕ್ಯಾಸೆಟ್ ಕಿತ್ತು, ಲ್ಯಾಬಿನಲ್ಲಿ ಎಲ್ಲರಿಗೂ ಯಾವುದನ್ನು ಮಾಡಬೇಡಿ ಎನ್ನುತ್ತೇನೋ ಅದನ್ನೇ ಮಾಡಿದೆ: ಉಫ್ ಎಂದು ಊದಿ ಮತ್ತೆ ತುರುಕಿದೆ.

"ಇನ್ನೊಂದು ಸಲ ನೋಡಣ" ಎಂದರು ರಂಗಪ್ಪ ಮೈಕಿನಲ್ಲಿ. "ಅವಸರ ಏನೈತೆ."

ಈ ಸಲ ಅವರು ಒಂದೊಂದನ್ನೇ ಹೇಳುತ್ತ ಹೋದರು. "ಈಗ ನಾಯಿ ಆಕಳಿಸ್ತದೆ ನೋಡಿ, ಸುಮ್ನಿರಿ." ಸಭೆ ಸುಮ್ಮನಾಯಿತು. ನಾಲ್ಕನೇ ನಿಮಿಷ ದಾಟಿತು. ಅಡುಗೆಯವರು ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತರು. ರಕ್ತ ಕೊಟ್ಟವರು ತೋಳಿಗೆ ಹತ್ತಿ ಒತ್ತಿಕೊಂಡು ಬಂದು ಕೂತರು. ಕೋಟೆಯಲ್ಲಿ ಎರಡು ಬಾವಲಿಗಳ ನಡುವೆ, ಒಂದು ಕೂದಲಿನ ಅಂತರದಲ್ಲಿ, ಅಂಚೆಯಣ್ಣ ಗಾಳಿಯಲ್ಲಿ ಹಾದುಹೋದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು, "ಅಯ್ಯೋ ಮಗಾ, ಹುಷಾರು ಕಣೋ!" ಎಂದು ಕೂಗಿಬಿಟ್ಟರು. ಬೆರಳುಗಳೆಲ್ಲ ತೊಡೆಯ ಮೇಲೆ ನಡುಗುತ್ತಿದ್ದ ಆ ಮನುಷ್ಯ ಬರೆದ ಆಟದಲ್ಲಿ ಒಂದು ಹೆಜ್ಜೆಯೂ ನಡುಗಲಿಲ್ಲ. ಕಾಗದ ತಲುಪಿತು. ತೂಕಡಿಸಬೇಕಾಗಿದ್ದ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ರಂಗಪ್ಪನವರು ಕೈಮುಗಿಯಲು ಹೋದರು. ಎರಡು ಅಂಗೈಗಳೂ ಒಂದಕ್ಕೊಂದು ತಾಗಿ ತಾಗಿ, ಅವರೂ ಚಪ್ಪಾಳೆ ತಟ್ಟುತ್ತಿದ್ದಾರೇನೋ ಎನ್ನುವಂತೆ ಕಂಡಿತು.

ಎಲ್ಲ ಮುಗಿದು ವೈರು ಸುತ್ತುತ್ತಿದ್ದಾಗ ಶಾಮಿಯಾನ ಮತ್ತು ಮೈಕ್‌ಸೆಟ್ಟಿನ ಯಜಮಾನರು ನನ್ನನ್ನೇ ಹುಡುಕಿಕೊಂಡು ಬಂದರು. ನನ್ನ ಎದೆ ಸ್ವಲ್ಪ ಉಬ್ಬಿತು. ಈ ಆಟ ಆರಿಸಿದವರು ನೀವೇನಾ ಎಂದು ಕೇಳುತ್ತಾರೆ ಎಂದುಕೊಂಡೆ. ಅವರು ನನ್ನ ಕೈ ಕುಲುಕಿ, "ಸಾರ್, ಇಷ್ಟು ವರ್ಷದಲ್ಲಿ ಮೈಕನ್ನ ಇಷ್ಟು ನೆಟ್ಟಗೆ ಹಿಡಿದೋರನ್ನ ನೋಡಿಲ್ಲ ಕಣ್ರೀ. ಒಂಚೂರೂ ಅಲ್ಲಾಡ್ಲಿಲ್ಲ" ಎಂದರು. ವಿನಯದಿಂದ ತಲೆಬಾಗಿ ಆ ಹೊಗಳಿಕೆಯನ್ನು ಸ್ವೀಕರಿಸಿದೆ. ಅಂಚೆಯಣ್ಣ ಎಲ್ಲಿ ಬೀಳುತ್ತಾನೋ ಎಂಬ ದಿಗಿಲಿಗೆ ಕೊನೆಯ ಐದು ನಿಮಿಷ ಮೈಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಅವುಚಿಕೊಂಡಿದ್ದೆ ಎಂಬುದನ್ನು ಮಾತ್ರ ಅವರಿಗೆ ಹೇಳಲಿಲ್ಲ.